ಎಡೋಗಾವಾದ ಬಿಲ್ಲುಗಾರ

ಉಮಾಶಂಕರ್ ಯಾವ ವಿಷಯವನ್ನೂ ಪೂರ್ತಿ ತಿಳಿದವನಲ್ಲ, ಏನೂ ತಿಳಿಯದವನೂ ಅಲ್ಲ. ಜಪಾನಿನ ಎಡೋಗಾವಾದ ಮನೆಯಿಂದ ಕಾವಾಸಾಕಿಯ ಆಫೀಸಿಗೆ ಹೋಗುವ ರೈಲಿನಲ್ಲಿ ಒಂದು ಕೈಗೆ ಹಿಡಿಕೆ, ಇನ್ನೊಂದು ಕೈಗೆ ಮೊಬೈಲು ಕೊಟ್ಟು ನಿಂತವನಿಗೆ ಎಷ್ಟು ತಿಳಿಯಲು ಸಾಧ್ಯವೋ ಅಷ್ಟು ತಿಳಿದವನು. ಹೀಗೆ ಅವನು ಒಂದು ಚಳಿಗಾಲ ಪೂರ್ತಿ ಜೇನು ಸಾಕಣೆ ಕಲಿತ. ಮರುವರ್ಷ ಹಳೆಯ ಗಡಿಯಾರ ಬಿಚ್ಚಿ ಜೋಡಿಸುವುದನ್ನು ಕಲಿತ. ಗಡಿಯಾರವೊಂದು ಮಾತ್ರ ಅವನ ಹತ್ತಿರ ಇರಲಿಲ್ಲ. ಕಲಿತದ್ದನ್ನು ತನ್ನೊಳಗೇ ಇಟ್ಟುಕೊಳ್ಳುವಷ್ಟು ಜಿಪುಣನೂ ಅವನಲ್ಲ. ಯಾರು ಕೇಳಿದರೂ ಹೇಳುತ್ತಿದ್ದ. ಕೇಳದಿದ್ದರೆ ಇನ್ನೂ ವಿವರವಾಗಿ ಹೇಳುತ್ತಿದ್ದ.

ಈ ಸಲ ಸೆಪ್ಟೆಂಬರಿನಲ್ಲಿ ಮೊಬೈಲು ತಾನಾಗಿಯೇ ಅವನಿಗೆ ಕ್ರಾಸ್‌ಬೋ ತೋರಿಸಿತು. ಬಂದೂಕಿನ ಹಾಗೆ ಹೆಗಲಿಗೆ ಆನಿಸಿ, ಕುದುರೆ ಎಳೆದು ಬಾಣ ಬಿಡುವ ಅಡ್ಡಬಿಲ್ಲು ಅದು. ಅಮೆರಿಕದ ಯಾವನೋ ದಪ್ಪ ಗಡ್ಡದವನು ಮೇಜಿನ ಮೇಲೆ ಗಿಡ್ಡ ಗಿಡ್ಡ ಬಾಣಗಳನ್ನು ಹರಡಿಕೊಂಡು, ಯಾವ ಬಾಣಕ್ಕೆ ಯಾವ ಅಲಗಿನ ತುದಿ ಹೊಂದುತ್ತದೆ ಎಂಬುದನ್ನು ಬಹಳ ಶ್ರದ್ಧೆಯಿಂದ ವಿವರಿಸುತ್ತಿದ್ದ. ಉಮಾಶಂಕರ್ ಇಳಿಯಬೇಕಾದ ಸ್ಟೇಷನ್ ದಾಟಿ ಯೊಕೊಹಾಮಾ ತನಕ ಹೋಗಿ ಬಂದ. ಅವನು ಮೈಸೂರಿನ ಅಪ್ಪಟ ಸಸ್ಯಾಹಾರಿ. ಜಿರಳೆ ಕಂಡರೆ ಮಂಚ ಹತ್ತುವವನು. ಆದರೆ ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ತೂಕ, ಸಮತೋಲ, ವೇಗ. ಅವನ ಪಾಲಿಗೆ ಅದೆಲ್ಲ ಗಣಿತವಷ್ಟೇ ಆಗಿತ್ತು.

ಅದೇ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಒನೊದೆರಾ-ಸಾನ್ ಊಟದ ಡಬ್ಬಿಯ ಮುಂದೆ ಮಂಕಾಗಿ ಕೂತಿದ್ದರು. ಸಾನ್ ಎಂದರೆ ಅಲ್ಲಿನ 'ಅವರು'. ಒನೊದೆರಾ ಅವನ ತಂಡದ ಹಿರಿಯರು, ಸೆಂಡಾಯ್ ಹತ್ತಿರದ ಬೆಟ್ಟದೂರಿನವರು. ಉಮಾಶಂಕರ್ ಜಪಾನಿನಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಿದ್ದ. ಅದಕ್ಕೆ ಜಾಮೀನು ನಿಂತವರೂ ಇದೇ ಒನೊದೆರಾ. ಹೀಗಾಗಿ ಅವರು ಮಂಕಾದರೆ ಉಮಾಶಂಕರನಿಗೂ ಊಟ ಸೇರುತ್ತಿರಲಿಲ್ಲ.

"ಊರಲ್ಲಿ ನಮ್ಮಕ್ಕ ಗೆಣಸು ಬೆಳೆದಿದ್ದಾಳೆ. ಕಾಡುಹಂದಿ ಬಂದು ಹೊಲ ಅಗೆದು ಹಾಕುತ್ತಿದೆ. ಭಾವ ಹೋದಮೇಲೆ ಅವಳು ಒಬ್ಬಳೇ ನಿಂತು ಮಾಡಿದ ಮೊದಲನೆಯ ಬೆಳೆ," ಎಂದರು ಒನೊದೆರಾ.

ಬೇರೆಯವರಾಗಿದ್ದರೆ "ಅಯ್ಯೋ ಪಾಪ" ಎಂದು ಸುಮ್ಮನಾಗುತ್ತಿದ್ದರು. ಉಮಾಶಂಕರ್ ತನ್ನ ಚಿತ್ರಾನ್ನವನ್ನು ಪಕ್ಕಕ್ಕೆ ಸರಿಸಿದ. ಒನೊದೆರಾರ ಒಂದು ಊಟದ ಕಡ್ಡಿಯನ್ನು ಎತ್ತಿಕೊಂಡ. ಅವರ ಡಬ್ಬಿಯಲ್ಲಿದ್ದ ಹಳದಿ ಮೂಲಂಗಿ ಉಪ್ಪಿನಕಾಯಿಯನ್ನು ತ್ರಿಕೋನವಾಗಿ ಕತ್ತರಿಸಿ ಕಡ್ಡಿಯ ತುದಿಗೆ ಚುಚ್ಚಿದ.

"ಇದು ಬೋಲ್ಟ್, ಅಂದ್ರೆ ಬಾಣ. ಇದು ಬ್ರಾಡ್‌ಹೆಡ್, ಅದರ ಅಲಗಿನ ತುದಿ. ಜನ ಏನು ತಪ್ಪು ಮಾಡ್ತಾರೆ ಅಂದ್ರೆ, ಎರಡನ್ನೂ ಬೇರೆ ಬೇರೆ ನೋಡ್ತಾರೆ. ತುದಿ ಹಗುರವಾದರೆ ಬಾಣ ಗಾಳಿಯಲ್ಲಿ ಬಾಲ ಆಡಿಸುತ್ತೆ. ತೀರಾ ಭಾರವಾದರೆ ಮೂಗು ಕೆಳಗೆ ಹಾಕುತ್ತೆ. ಮಡಚಿಕೊಳ್ಳೋ ಅಲಗು ನೋಡೋಕೆ ಚೆಂದ, ಆದ್ರೆ ತೆರೆದುಕೊಳ್ಳೋದಕ್ಕೇ ಅರ್ಧ ಶಕ್ತಿ ತಿನ್ನುತ್ತೆ. ಹಂದಿಯ ಭುಜದ ಚರ್ಮ ಗುರಾಣಿ ಇದ್ದಹಾಗೆ. ಅದಕ್ಕೆ ಮಡಚದ ಅಲಗೇ ಬೇಕು. ಹೀಗೆ ಮೇಜಿನ ಮೇಲೆ ತಿರುಗಿಸಿ ನೋಡಬೇಕು, ತುದಿ ಓಲಾಡಬಾರದು."

ಕಡ್ಡಿಯನ್ನು ಮೇಜಿನ ಮೇಲೆ ತಿರುಗಿಸಿದ. ಮೂಲಂಗಿ ಓಲಾಡಿ, ಹಾರಿ, ಪಕ್ಕದ ಮೇಜಿನ ಸಾರಿನ ಬಟ್ಟಲಲ್ಲಿ ಬಿತ್ತು. ಅದರ ಒಡೆಯ ತಾನೇ ತಪ್ಪು ಮಾಡಿದವನಂತೆ "ಸುಮಿಮಾಸೆನ್", ಕ್ಷಮಿಸಿ, ಎಂದ.

ಒನೊದೆರಾ ಕಣ್ಣರಳಿಸಿ ಕೇಳಿದರು. "ಉಮಾ-ಸಾನ್, ನೀವು ಊರಲ್ಲಿ ಬೇಟೆಯಾಡುತ್ತಿದ್ದಿರಾ?"

ಉಮಾಶಂಕರನ ತಲೆ ಆಡಿತು. ಆ ಕಡೆಯೂ ಅಲ್ಲದ ಈ ಕಡೆಯೂ ಅಲ್ಲದ ಮೈಸೂರಿನ ತಲೆಯಾಟ. ಮೈಸೂರಿನಲ್ಲಿ ಅದರ ಅರ್ಥ "ಬಿಡಿ ಸಾರ್, ಈಗ್ಯಾಕೆ ಆ ಮಾತು" ಎಂದು. ಒನೊದೆರಾರಿಗೆ ಅದು, ಎಷ್ಟೋ ಮೃಗಗಳನ್ನು ಉರುಳಿಸಿಯೂ ಬಾಯಿಬಿಡದ ಮನುಷ್ಯನ ಸಂಕೋಚವಾಗಿ ಕಂಡಿತು. ಕೂತಲ್ಲಿಂದಲೇ ಸಣ್ಣಗೆ ತಲೆ ಬಾಗಿಸಿದರು. ಆ ಬಾಗು ಎಷ್ಟು ಹಿತವಾಗಿತ್ತೆಂದರೆ, ಅದನ್ನು ವಾಪಸು ಕೊಡಲು ಉಮಾಶಂಕರನಿಗೆ ಮನಸ್ಸಾಗಲಿಲ್ಲ.

ಶನಿವಾರ ಒನೊದೆರಾರ ಫೋನು ಬಂತು. ಅವರ ಅಕ್ಕ ಯೊಶಿಕೊ-ಸಾನ್‌ಗೆ ವಿಷಯ ಬಹಳ ಹಿಡಿಸಿದೆಯಂತೆ, ಇನ್ನೂ ಸ್ವಲ್ಪ ವಿವರ ಬೇಕಂತೆ. ಉಮಾಶಂಕರ್ ಮೂಲೆಯ ಕೊಂಬಿನಿ ಅಂಗಡಿಯಿಂದ ಹಾಲು ತರುತ್ತಿದ್ದವನು ಲಿಫ್ಟಿನೊಳಗೂ ಮಾತು ಮುಂದುವರಿಸಿದ.

"ಮೂರು ಅಲಗಿನದು ಸಾಕು. ಭುಜದ ಹಿಂದೆ, ನೇರ ಶ್ವಾಸಕೋಶಕ್ಕೆ. ಓಡುತ್ತೆ, ಓಡಲಿ ಬಿಡಿ, ಜಾಸ್ತಿ ದೂರ ಹೋಗಲ್ಲ. ರಕ್ತದ ಜಾಡು ಹಿಡಿದು ಹೋದ್ರೆ ಆಯ್ತು."

ಲಿಫ್ಟಿನ ಮೂಲೆಯಲ್ಲಿ ಮೇಲಿನ ಮನೆಯ ದ್ವಾರಕಾನಾಥ ನಿಂತಿದ್ದರು. ಆ ಸುತ್ತಿನ ಕನ್ನಡ ಕೂಟಕ್ಕೆ ಅವರೇ ಅಧ್ಯಕ್ಷರು. ಭಾರತೀಯರ ಮಾನ ಮರ್ಯಾದೆಯನ್ನು ಎಡೋಗಾವಾದಲ್ಲಿ ತಾವೊಬ್ಬರೇ ಹೊತ್ತುಕೊಂಡಿರುವುದಾಗಿ ನಂಬಿದವರು. ಅವರು ಮುಂದಿನ ಮಹಡಿಯಲ್ಲೇ, ಅದು ತಮ್ಮ ಮಹಡಿ ಅಲ್ಲದಿದ್ದರೂ, ಇಳಿದುಬಿಟ್ಟರು.

ಸಂಜೆಯೊಳಗೆ ಕೂಟದ ವಾಟ್ಸಾಪಿನಲ್ಲಿ ಸುದ್ದಿ ಹರಡಿತು. "ನಮ್ಮ ಉಮಾಶಂಕರ್ ಬೇಟೆಗೆ ಹೋಗುತ್ತಾರಂತೆ" ಎಂದು ಶುರುವಾದದ್ದು, ರಾತ್ರಿ ಊಟದ ಹೊತ್ತಿಗೆ "ಸೆಂಡಾಯ್ ಕಡೆ ಪ್ರತಿ ವರ್ಷ ಹೋಗುತ್ತಿದ್ದರಂತೆ, ನಮಗೇ ಗೊತ್ತಿರಲಿಲ್ಲ" ಎಂಬಲ್ಲಿಗೆ ಬಂದಿತ್ತು. ಯಾರೋ ಅವನು ಮೈಸೂರಿನ ಅರಮನೆಯ ಬೇಟೆಗಾರರ ವಂಶದವನೆಂದೂ ಬರೆದರು. ಅವನ ತಂದೆ ಜೀವಮಾನವಿಡೀ ವಿಮಾ ಕಂಪನಿಯಲ್ಲಿ ಗುಮಾಸ್ತರಾಗಿದ್ದವರು.

ಮರುದಿನ ಕೊಡಗಿನ ಅವಿನಾಶ್ ಬಾಗಿಲು ತಟ್ಟಿದ. ಕೈಯಲ್ಲಿ ದೊಡ್ಡ ಖಾಲಿ ಡಬ್ಬಿ. "ಸಾರ್, ಜಾಸ್ತಿ ಬೇಡ. ಒಂದು ಕೇಜಿ ಸಿಕ್ಕಿದ್ರೆ ಸಾಕು. ಇಲ್ಲಿನ ಸೂಪರ್ ಮಾರ್ಕೆಟ್ ಹಂದಿ ತಿಂದು ತಿಂದು ಬಾಯಿ ಕೆಟ್ಟಿದೆ. ತೊಡೆ ಭಾಗ ಆದ್ರೆ ಇನ್ನೂ ಒಳ್ಳೇದು."

ಅವನ ಹಿಂದೆಯೇ ದ್ವಾರಕಾನಾಥರ ಹೆಂಡತಿ ಭಾನುಮತಿ ಬಂದರು. ಅವರು ಒಳಗೆ ಬರಲಿಲ್ಲ; ಬಾಗಿಲಲ್ಲೇ ನಿಂತು, ಉಮಾಶಂಕರನ ಹೆಂಡತಿ ವೇದವಲ್ಲಿಯನ್ನು ಕರೆದು ಮೆತ್ತಗೆ ಹೇಳಿದರು. "ವೇದಾ, ಬೇಜಾರ್ ಮಾಡ್ಕೋಬೇಡಮ್ಮಾ. ಈ ಸಲ ಗೊಂಬೆ ಆರತಿಗೆ ಕೋಸಂಬರಿ ನಾನೇ ಮಾಡ್ಕೋತೀನಿ. ನೀನು ಸುಮ್ನೆ ಬಂದು ಕೂತ್ಕೊಂಡ್ರೆ ಸಾಕು."

ವೇದವಲ್ಲಿ ಬಾಗಿಲು ಹಾಕಿ ಬಂದು ಗಂಡನ ಎದುರು ಕೂತಳು. ಅವಳ ಕೋಸಂಬರಿಗೆ ಕೂಟದಲ್ಲಿ ಒಂದು ಹೆಸರಿತ್ತು.

"ರೀ, ನನಗೊಂದು ಹೇಳಿ. ಹೋದ ತಿಂಗಳು ಬಾತ್‌ರೂಮಿನಲ್ಲಿ ಜಿರಳೆ ಬಂದಾಗ ಹೊಡೆದಿದ್ದು ಯಾರು?"

"ನೀನು."

"ನೀವು ಎಲ್ಲಿದ್ರಿ?"

"ಮಂಚದ ಮೇಲೆ."

"ಮತ್ತೆ ಯಾವ ಹಂದೀರೀ ನೀವು ಹೊಡೆಯೋದು?"

"ನಾನು ಹೊಡೀತೀನಿ ಅಂತ ಎಲ್ಲಿ ಹೇಳ್ದೆ ವೇದಾ? ಬಾಣಕ್ಕೆ ತುದಿ ಹೇಗೆ ಹೊಂದಿಸ್ಬೇಕು ಅಂತ ಹೇಳ್ದೆ ಅಷ್ಟೆ. ಥಿಯರಿ."

"ಹಾಗಾದ್ರೆ ಗ್ರೂಪಲ್ಲಿ ಹಾಕಿ, ಅದು ಬರೀ ಥಿಯರಿ ಅಂತ."

ಉಮಾಶಂಕರ್ ಮೊಬೈಲು ತೆಗೆದ. ಅರ್ಧ ಬರೆದ. ಅಷ್ಟರಲ್ಲಿ ಕೆಳಗೆ ಹೋಗಿ ಕಸ ಹಾಕಿ ಬರಬೇಕಾಯಿತು. ಲಿಫ್ಟಿನಲ್ಲಿದ್ದ ದ್ವಾರಕಾನಾಥರು, ಈ ಇಷ್ಟು ವರ್ಷಗಳಲ್ಲಿ ಮೊದಲನೆಯ ಸಲ, ಅವನಿಗೋಸ್ಕರ ಬಾಗಿಲು ಹಿಡಿದು ನಿಂತರು. ಮೇಲೆ ಬಂದವನು ಬರೆದದ್ದನ್ನು ಅಳಿಸಿಹಾಕಿದ.

ದ್ವಾರಕಾನಾಥರು ಬಾಗಿಲು ಹಿಡಿದದ್ದು ಗೌರವಕ್ಕಿಂತ ಹೆಚ್ಚಾಗಿ ಭಯದಿಂದ. ಅವರು ಅದೇ ಮಧ್ಯಾಹ್ನ ಸ್ಟೇಷನ್ ಪಕ್ಕದ ಪೊಲೀಸ್ ಚೌಕಿಗೆ ಹೋಗಿ, "ನನ್ನ ಸ್ನೇಹಿತರೊಬ್ಬರು ಕೇಳ್ತಿದ್ರು, ಸುಮ್ಮನೆ ತಿಳ್ಕೊಳ್ಳೋಕೆ" ಎಂದು ಆರಂಭಿಸಿ, ಕ್ರಾಸ್‌ಬೋ ಬಗ್ಗೆ ವಿಚಾರಿಸಿದ್ದರು. ಜಪಾನಿನಲ್ಲಿ ಪರವಾನಗಿ ಇಲ್ಲದೆ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಬಿಲ್ಲಿನಿಂದ ಬೇಟೆಯಾಡುವುದಕ್ಕೆ ಮೊದಲಿನಿಂದಲೂ ಅವಕಾಶವಿಲ್ಲ. ಇದನ್ನೆಲ್ಲ ಸಮಾಧಾನವಾಗಿ ತಿಳಿಸಿದ ಪೊಲೀಸರು, ಆ ಸ್ನೇಹಿತರ ಮನೆ ಯಾವ ಕಟ್ಟಡದಲ್ಲಿದೆ ಎಂದೂ ಅಷ್ಟೇ ಸಮಾಧಾನವಾಗಿ ಕೇಳಿದರು. ದ್ವಾರಕಾನಾಥರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಹೀಗಾಗಿ ಸೋಮವಾರ ಸಂಜೆ ಉಮಾಶಂಕರ್ ಬೂಟು ಬಿಚ್ಚುವ ಹೊತ್ತಿಗೆ ಬಾಗಿಲಲ್ಲಿ ಇನ್ನೊಂದು ಜೊತೆ ಬೂಟು ಇತ್ತು. ಒಳಗೆ ಚೌಕಿಯ ಪೊಲೀಸ್ ಅಧಿಕಾರಿ ಕುರೊಕಾವಾ ಮಂಡಿಯೂರಿ ಕೂತು, ವೇದವಲ್ಲಿ ಕೊಟ್ಟ ಕಾಫಿಯನ್ನು ಬಹಳ ಎಚ್ಚರಿಕೆಯಿಂದ ಗುಟುಕರಿಸುತ್ತಿದ್ದ. ಹುಡುಗ ಮುಖದ ಮೃದು ಮಾತಿನವನು. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಬೇಕೆಂದು ಮೊದಲೇ ಕೇಳಿಕೊಂಡಿದ್ದ.

ಉಮಾಶಂಕರನಿಗೆ ಗೊತ್ತಿದ್ದ ಜಪಾನಿ ಭಾಷೆ ಆಫೀಸಿಗೆ ಸಾಕಾಗುತ್ತಿತ್ತು, ಪೊಲೀಸರಿಗೆ ಸಾಲುತ್ತಿರಲಿಲ್ಲ. ಮಗಳು ಸಾಹಿತ್ಯಳನ್ನು ಕರೆದರು. ಅವಳು ಇಲ್ಲೇ ಹುಟ್ಟಿ, ಇಲ್ಲೇ ಆರನೆಯ ತರಗತಿಗೆ ಬಂದವಳು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಕಡಿಮೆ.

"ಸಾಹಿತ್ಯಾ, ಅವರಿಗೆ ಹೇಳು. ನನಗೆ ಈ ಕ್ಷೇತ್ರದಲ್ಲಿ ಒಂದು ಶೈಕ್ಷಣಿಕ ಆಸಕ್ತಿ ಇದೆ. ಪ್ರಾಯೋಗಿಕವಾಗಿ ನಾನು ಸದ್ಯಕ್ಕೆ ಸಕ್ರಿಯನಾಗಿಲ್ಲ."

ಸಾಹಿತ್ಯ ಅಪ್ಪನ ಮುಖ ನೋಡಿದಳು. ಆಮೇಲೆ ಪೊಲೀಸನ ಕಡೆ ತಿರುಗಿ ಜಪಾನಿ ಭಾಷೆಯಲ್ಲಿ ಎರಡೇ ಮಾತು ಹೇಳಿದಳು. ಕುರೊಕಾವಾನ ಮುಖ ಸಡಿಲವಾಯಿತು. ಅವನು ಇನ್ನೇನೋ ಕೇಳಿದ. ಅವಳು ಮತ್ತೆ ಹೇಳಿದಳು. ಅವನು ಕಾಫಿ ಲೋಟವನ್ನು ಕೆಳಗಿಟ್ಟು, ನಗು ತಡೆಯಲು ಟೋಪಿ ಸರಿಪಡಿಸಿಕೊಂಡ.

"ಏನೇ ಹೇಳ್ದೆ?"

"ಅಪ್ಪಾ, ಐ ಜಸ್ಟ್ ಸೆಡ್ ಯು ವಾಚ್ ವಿಡಿಯೋಸ್."

"ಇನ್ನೊಂದೇನೋ ಹೇಳ್ದಲ್ಲ?"

"ಹೀ ಆಸ್ಕ್ಡ್ ಇಫ್ ಯು ಎವರ್ ಹಂಟೆಡ್. ಐ ಸೆಡ್ ಯು ಆರ್ ಸ್ಕೇರ್ಡ್ ಆಫ್ ದ ಕ್ರೋ."

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಹೋದಾಗಲೆಲ್ಲ ಒಂದು ಕಾಗೆ ಉಮಾಶಂಕರನನ್ನು ಒಳಗಟ್ಟುತ್ತಿದ್ದುದು ನಿಜ. ಅದನ್ನು ಸರ್ಕಾರಕ್ಕೆ ತಿಳಿಸುವ ಅಗತ್ಯವಿತ್ತೇ ಎಂಬುದು ಬೇರೆ ಮಾತು. ಕುರೊಕಾವಾ ಎದ್ದು, ಬಾಗಿ ವಂದಿಸಿ, ಕಾಗೆಗಳು ಮರಿ ಮಾಡುವ ಕಾಲದಲ್ಲಿ ಛತ್ರಿ ಬಿಡಿಸಿಕೊಂಡು ಹೋದರೆ ಒಳ್ಳೆಯದೆಂದು ಪ್ರಾಮಾಣಿಕವಾಗಿ ಸಲಹೆ ಕೊಟ್ಟು ಹೋದ.

ಉಮಾಶಂಕರನಿಗೆ ಅವಮಾನಕ್ಕಿಂತ ಹೆಚ್ಚಾಗಿ ಭಯವಾಯಿತು. ಪೊಲೀಸರು ಮನೆಗೆ ಬಂದದ್ದು ಕಾಯಂ ವಾಸದ ಅರ್ಜಿಗೆ ಅಡ್ಡ ಬಂದರೆ? ಸಾಹಿತ್ಯಳ ಶಾಲೆ, ವೇದವಲ್ಲಿ ಕಷ್ಟಪಟ್ಟು ಹುಡುಕಿಕೊಂಡ ಅನುವಾದದ ಕೆಲಸ, ಎಲ್ಲವೂ ಆ ಅರ್ಜಿಯ ಮೇಲೆ ನಿಂತಿದ್ದವು. ಮರುದಿನ ಆಫೀಸಿನಲ್ಲಿ ಒನೊದೆರಾರನ್ನು ಪಕ್ಕಕ್ಕೆ ಕರೆದು, ಬಿಲ್ಲಿನ ಬೇಟೆ ಈ ದೇಶದಲ್ಲಿ ನಿಷಿದ್ಧ, ಆದ್ದರಿಂದ ತಾನು ಇನ್ನು ಆ ವಿಷಯ ಮಾತಾಡುವುದಿಲ್ಲ ಎಂದ.

"ಗೊತ್ತು ಗೊತ್ತು. ಬಿಲ್ಲು ಯಾರಿಗೂ ಬೇಡ. ಬೇಟೆ ಬಲ್ಲ ಒಬ್ಬರು ಬಂದು ಹೊಲ ನೋಡಿ, ಎರಡು ಮಾತಾಡಿದರೆ ಸಾಕು ಅಂತ ಊರವರ ಆಸೆ. ಭಾನುವಾರಕ್ಕೆ ಎಲ್ಲ ಸಿದ್ಧವಾಗಿದೆ. ಅಕ್ಕ ನಿಮಗಾಗಿ ಮಾಂಸ ಮೀನು ಏನೂ ಇಲ್ಲದ ಅಡುಗೆ ಕಲಿಯುತ್ತಿದ್ದಾಳೆ," ಎಂದರು ಒನೊದೆರಾ.

ಮಾಂಸ ತಿನ್ನದ ಬೇಟೆಗಾರನ ಬಗ್ಗೆ ಅವರಿಗೆ ಅನುಮಾನ ಬಂದಿರಲಿಲ್ಲ. ಬದಲಿಗೆ, ಕೊಂದದ್ದನ್ನು ತಾನು ತಿನ್ನುವುದಿಲ್ಲ ಎಂಬ ಯಾವುದೋ ದೊಡ್ಡ ವ್ರತ ಇದೆಂದು ಊರಿನಲ್ಲಿ ಮಾತಾಗಿತ್ತಂತೆ.

ವೇದವಲ್ಲಿ ಇದನ್ನು ಕೇಳಿ ಗಂಡನ ಕೈಯಿಂದ ಮೊಬೈಲು ಕಿತ್ತು ಮೇಜಿನ ಮೇಲಿಟ್ಟಳು. "ಹೋಗಿ ನಿಜ ಹೇಳಿ ಬನ್ನಿ. ಫೋನಲ್ಲಿ ಹೇಳೋ ಮಾತಲ್ಲ ಇದು. ಸಾಹಿತ್ಯನ್ನ ಜೊತೆಗೆ ಕರ್ಕೊಂಡ್ ಹೋಗಿ, ಇಲ್ದಿದ್ರೆ ನಿಮ್ಮ ಜಪಾನೀಸ್‌ನಲ್ಲಿ ಇನ್ನೂ ಏನೇನ್ ಒಪ್ಕೊಂಡ್ ಬರ್ತೀರೋ," ಎಂದಳು.

ಭಾನುವಾರ ಸೆಂಡಾಯ್ ಸ್ಟೇಷನ್ನಿಗೆ ಒನೊದೆರಾ ಕಾರು ತಂದಿದ್ದರು. ಬೆಟ್ಟದ ಬುಡದಲ್ಲಿ ಸಣ್ಣ ಊರು. ಊರಿನ ಸಮುದಾಯ ಭವನದಲ್ಲಿ ಹತ್ತಾರು ಮಂದಿ ಸೇರಿದ್ದರು. ಬಾಗಿಲಲ್ಲಿ ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸೊಬ್ಬಳು ಹೂವಿನ ಟೋಪಿ ಹಾಕಿಕೊಂಡು ನಿಂತಿದ್ದಳು. ಅವಳೇ ಯೊಶಿಕೊ-ಸಾನ್. ಅವಳ ಪಕ್ಕದಲ್ಲಿ ಕಿತ್ತಳೆ ಬಣ್ಣದ ಅಂಗಿಯ ತೆಳ್ಳಗಿನ ಮುದುಕರು. ಸುಗಾವಾರಾ-ಸಾನ್ ಎಂದು ಪರಿಚಯಿಸಿದರು. ಅಂಚೆ ಕಚೇರಿಯಿಂದ ನಿವೃತ್ತರಾದವರು. ಊರಿನಲ್ಲಿ ಬಂದೂಕಿನ ಪರವಾನಗಿ ಉಳಿದಿರುವುದು ಅವರೊಬ್ಬರಿಗೇ.

ಎಲ್ಲರೂ ಒಟ್ಟಿಗೆ ಬಾಗಿದರು. "ಸೆನ್ಸೆಯ್!" ಎಂದರು. ಸೆನ್ಸೆಯ್ ಎಂದರೆ ಗುರು.

ಉಮಾಶಂಕರ್ ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದ. "ನನಗೆ ಬೇಟೆಯ ಬಗ್ಗೆ ಏನೂ ಗೊತ್ತಿಲ್ಲ."

ಭವನದ ತುಂಬ "ಓಹ್" ಎಂಬ ಮೆಚ್ಚುಗೆ ಎದ್ದಿತು. ಒಬ್ಬರಿಗೊಬ್ಬರು ತಲೆದೂಗಿದರು.

ಉಮಾಶಂಕರ್ ಮಗಳ ಕಡೆ ತಿರುಗಿದ. "ಏನಂತೆ?"

"ದೇ ಥಿಂಕ್ ಯು ಆರ್ ಬೀಯಿಂಗ್ ಹಂಬಲ್."

"ನೀನು ಸರಿಯಾಗಿ ಹೇಳು."

ಸಾಹಿತ್ಯ ಮುಂದೆ ಬಂದು, ನಮ್ಮಪ್ಪ ಒಂದು ಸಲವೂ ಬೇಟೆಗೆ ಹೋಗಿಲ್ಲ, ವಿಡಿಯೋ ನೋಡಿ ಮಾತಾಡುತ್ತಾರೆ ಎಂದು ಸ್ಪಷ್ಟವಾಗಿ ಹೇಳಿದಳು. ಹೆಂಗಸರೆಲ್ಲ ಕರಗಿಹೋದರು. ತಂದೆಯ ಹಾಗೆ ಮಗಳಿಗೂ ಎಂಥ ವಿನಯ! ಒಬ್ಬಾಕೆ ಅವಳ ಕೈಗೆ ಬಿಸಿ ಗೆಣಸು ಕೊಟ್ಟಳು. ಉಮಾಶಂಕರ್ ಎರಡೂ ಕೈಯಾಡಿಸಿ "ಇಲ್ಲ, ಇಲ್ಲ" ಎಂದ. ಆ ದೇಶದಲ್ಲಿ ಅತಿ ದೊಡ್ಡ ಕಲಾವಿದರೂ ಹೊಗಳಿಕೆಗೆ ಹಾಗೆಯೇ ಕೈಯಾಡಿಸುತ್ತಿದ್ದರು. ನಿರಾಕರಿಸಿದಷ್ಟೂ ಅವನು ಎತ್ತರವಾಗುತ್ತಾ ಹೋದ. ಕೊನೆಗೆ ದಣಿದು, ಮುಂದಿಟ್ಟ ಚಹ ಕುಡಿದ.

ಆಗ ಸುಗಾವಾರಾ ಎದ್ದು ಬಂದು ಅವನ ಹತ್ತಿರ ಮಂಡಿಯೂರಿದರು. ಬೆಳಿಗ್ಗೆ ಹೊಲದ ಅಂಚಿನ ಬೋನಿಗೆ ಹಂದಿ ಬಿದ್ದಿದೆ, ಗುರುಗಳು ಬರುತ್ತಾರೆಂದು ಕಾದಿದ್ದೇವೆ, ದಯವಿಟ್ಟು ಬರಬೇಕು ಎಂದರು. ಸಾಹಿತ್ಯಳನ್ನು ಹೆಂಗಸರು ತಮ್ಮ ಜೊತೆಯಲ್ಲೇ ಉಳಿಸಿಕೊಂಡರು. ಉಮಾಶಂಕರ್, ಒನೊದೆರಾ, ಯೊಶಿಕೊ, ಸುಗಾವಾರಾ ನಾಲ್ವರೂ ಹೊಲದ ದಾರಿ ಹಿಡಿದರು.

ಗೆಣಸಿನ ಸಾಲುಗಳು ಉತ್ತು ಹಾಕಿದ ಹಾಗೆ ಬಿದ್ದಿದ್ದವು. ಬಳ್ಳಿಗಳು ಬೇರು ಮೇಲಾಗಿ ಒಣಗುತ್ತಿದ್ದವು. ಯೊಶಿಕೊ ನಡೆಯುತ್ತಲೇ ಬಾಗಿ ಒಂದು ಗೆಣಸು ಎತ್ತಿ, ಹಲ್ಲಿನ ಗುರುತನ್ನು ಬೆರಳಿನಿಂದ ಸವರಿ, ಮತ್ತೆ ಕೆಳಗಿಟ್ಟಳು.

ಬಿದಿರು ಮೆಳೆಯ ನೆರಳಿನಲ್ಲಿ ಕಬ್ಬಿಣದ ಬೋನು. ಉಮಾಶಂಕರ್ ವಿಡಿಯೋಗಳಲ್ಲಿ ಕಂಡ ಹಂದಿಗಳು ದೂರದಲ್ಲಿ ಮೇಯುತ್ತಿದ್ದವು, ಬಾಣ ತಗುಲಿದ ತಕ್ಷಣ ಚಿತ್ರ ಬದಲಾಗುತ್ತಿತ್ತು. ಇದು ಉಸಿರಾಡುತ್ತಿತ್ತು. ಕಂಬಿಗೆ ಗುದ್ದಿ ಗುದ್ದಿ ಮೂತಿ ಒಡೆದಿತ್ತು. ಅವರನ್ನು ಕಂಡು ಒಮ್ಮೆ ಹಿಂದೆ ಸರಿದು, ಮತ್ತೆ ಬಂದು ಗುದ್ದಿತು. ಆಮೇಲೆ ಸುಮ್ಮನೆ ನಿಂತು ನೋಡಿತು. ಒದ್ದೆ ಮಣ್ಣಿನ ವಾಸನೆಯ ಜೊತೆ ಇನ್ನೊಂದು ಬಿಸಿ ವಾಸನೆ. ಭುಜದ ಹಿಂದೆ, ಅವನು ಕಡ್ಡಿ ಹಿಡಿದು ಅಷ್ಟು ಸಲೀಸಾಗಿ ತೋರಿಸಿದ ಜಾಗದಲ್ಲಿ, ಚರ್ಮ ಮೇಲೆ ಕೆಳಗೆ ಆಡುತ್ತಿತ್ತು.

ಸುಗಾವಾರಾ ಬಂದೂಕಿನ ಚೀಲ ಬಿಚ್ಚಲಿಲ್ಲ. ಅವನ ಕಡೆ ತಿರುಗಿ, ಬಹಳ ಕಷ್ಟಪಟ್ಟು ಒಂದು ಮಾತು ಕೇಳಿದರು. ಒನೊದೆರಾ ಅದನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ತಿಳಿಸಿದರು.

"ಇವರು ಕೇಳುತ್ತಿರುವುದು ಇಷ್ಟೇ. ಈ ಊರಲ್ಲಿ ಬೇರೆ ಯಾರೂ ಇಲ್ಲವಲ್ಲ ಅಂತ ಇವರು ಈ ಕೆಲಸ ಹಿಡಿದರಂತೆ. ಪ್ರತಿ ಸಲವೂ ಆ ಪ್ರಾಣಿ ಇವರ ಮುಖ ನೋಡುತ್ತದಂತೆ. ಮನೆಗೆ ಹೋದರೆ ಊಟ ಇಳಿಯುವುದಿಲ್ಲವಂತೆ. ಹೆಂಡತಿಯ ಹತ್ತಿರವೂ ಹೇಳಿಕೊಂಡಿಲ್ಲ. ನೀವು ಎಷ್ಟೋ ನೋಡಿದವರು. ಆ ಕಣ್ಣನ್ನು ಹೇಗೆ ಎದುರಿಸುತ್ತೀರಿ ಅಂತ ಕೇಳುತ್ತಿದ್ದಾರೆ. ನಿಮ್ಮನ್ನು ಕರೆಸಬೇಕು ಅಂತ ಹಟ ಹಿಡಿದದ್ದೂ ಇವರೇ."

ಉಮಾಶಂಕರನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಗಡ್ಡದವನು ಈ ವಿಷಯವಾಗಿ ಏನಾದರೂ ಹೇಳಿದ್ದನೇ ಎಂದು ತಡಕಿದ. ತೂಕ ಹೇಳಿದ್ದ, ಅಲಗು ಹೇಳಿದ್ದ, ಬಾಣದ ಹಿಂದಿನ ಗರಿಗೂ ಅಲಗಿಗೂ ಸಾಲು ಕೂಡಿಸುವುದನ್ನು ಹೇಳಿದ್ದ. ಇದನ್ನು ಹೇಳಿರಲಿಲ್ಲ. ಎದುರಿಗಿದ್ದ ಮುದುಕರು ಕಾಯುತ್ತಿದ್ದರು. ಅವರ ಕೈ ಚೀಲದ ಗುಂಡಿಯ ಮೇಲೆಯೇ ಇತ್ತು.

ಉಮಾಶಂಕರ್ ಒದ್ದೆ ನೆಲದ ಮೇಲೆ ಹಾಗೆಯೇ ಕೂತುಬಿಟ್ಟ. ಕಣ್ಣಲ್ಲಿ ನೀರು ಬಂತು. ಅವನು ಹರಕು ಮುರುಕು ಜಪಾನಿಯಲ್ಲಿ, ವಿನಯದ ಒಂದು ಪದವನ್ನೂ ಸೇರಿಸದೆ, ಚಿಕ್ಕ ಮಕ್ಕಳು ಹೇಳುವ ಹಾಗೆ ಹೇಳಿದ. "ನಾನು ಯಾವತ್ತೂ ಕೊಂದಿಲ್ಲ. ಬಿಲ್ಲು ಮುಟ್ಟಿಲ್ಲ. ರೈಲಿನಲ್ಲಿ ವಿಡಿಯೋ ನೋಡಿದೆ. ದೊಡ್ಡವನ ಹಾಗೆ ಮಾತಾಡಿದೆ. ನನಗೂ ಈಗ ಹೆದರಿಕೆ ಆಗುತ್ತಿದೆ. ಕ್ಷಮಿಸಿ."

ಈ ಸಲ ಯಾರೂ ಮೆಚ್ಚುಗೆಯ ದನಿ ತೆಗೆಯಲಿಲ್ಲ. ಒನೊದೆರಾ ನೆಲ ನೋಡಿದರು. ಅವರ ಕಿವಿ ಕೆಂಪಾಯಿತು. ಊರಿಗೆಲ್ಲ ಇವನ ವಿಷಯ ಹೇಳಿದವರು ಅವರೇ ತಾನೇ.

ಮೊದಲು ನಕ್ಕವಳು ಯೊಶಿಕೊ. ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಿಲ್ಲಲಿಲ್ಲ. ಬದುವಿನ ಮೇಲೆ ಕೂತು, ಹೂವಿನ ಟೋಪಿ ತೆಗೆದು ಅದರಲ್ಲೇ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. "ನಾನು ಇವರಿಗೋಸ್ಕರ ಮೂರು ದಿನ ಪಲ್ಯ ಮಾಡುವುದು ಕಲಿತೆ," ಎಂದಳು. ಮತ್ತೆ ನಕ್ಕಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ; ಒನೊದೆರಾ ಗಾಬರಿಯಾಗಿ ಅಕ್ಕನ ಬೆನ್ನ ಮೇಲೆ ಕೈಯಿಟ್ಟರು.

ಸುಗಾವಾರಾ ನಗಲಿಲ್ಲ. ಅವರು ಉಮಾಶಂಕರನಿಗೆ ಕೈ ಕೊಟ್ಟು ಮೇಲೆಬ್ಬಿಸಿದರು. ಪ್ಯಾಂಟಿಗೆ ಮೆತ್ತಿದ ಮಣ್ಣನ್ನು ತಾವೇ ತಟ್ಟಿದರು. "ಹೆದರಿಕೆ ಆಗುತ್ತೆ ಅಂದಿರಲ್ಲ. ಇಷ್ಟು ವರ್ಷ ಈ ಮಾತನ್ನು ಜೋರಾಗಿ ಹೇಳಿದವರನ್ನು ನಾನು ಕಂಡಿರಲಿಲ್ಲ," ಎಂದರು. ಬಂದೂಕಿನ ಚೀಲ ಬಿಚ್ಚುತ್ತಾ, "ಹೋಗಬೇಕು ಅನ್ನಿಸಿದರೆ ಹೋಗಿ. ಆದರೆ ಇದ್ದರೆ ನನಗೆ ಒಳ್ಳೆಯದು," ಎಂದರು.

ಉಮಾಶಂಕರನಿಗೆ ಭವನದತ್ತ ಓಡಿಹೋಗಬೇಕೆನ್ನಿಸಿತು. ಅವನು ನಿಂತ. ಸುಗಾವಾರಾ ಹೇಳಿದಷ್ಟು ದೂರದಲ್ಲಿ, ಅವರ ಬೆನ್ನ ಹಿಂದೆ, ಯೊಶಿಕೊಳ ಪಕ್ಕದಲ್ಲಿ ನಿಂತ. ಯೊಶಿಕೊ ಕೈಮುಗಿದಳು. ಅವನೂ ಕೈಮುಗಿದ. ಯಾರಿಗೆ ಎಂಬುದು ಗೊತ್ತಾಗಲಿಲ್ಲ. ಗುಂಡಿನ ಸದ್ದು ಬೆಟ್ಟಕ್ಕೆ ಬಡಿದು ವಾಪಸು ಬಂತು. ಮೆಳೆಯಿಂದ ಹಕ್ಕಿಗಳು ಎದ್ದು, ಆಮೇಲೆ ಒಂದೊಂದಾಗಿ ಮರಳಿ ಕೂತವು.

ಸುಗಾವಾರಾ ಬಹಳ ಹೊತ್ತು ಬಂದೂಕನ್ನು ಕೆಳಗೆ ಹಿಡಿದುಕೊಂಡೇ ಇದ್ದರು. ಉಮಾಶಂಕರ್ ಹತ್ತಿರ ಹೋಗಿ ಅವರ ಪಕ್ಕದಲ್ಲಿ ನಿಂತ. ಸಲಹೆ ಕೊಡಲು ಅವನಲ್ಲಿ ಏನೂ ಇರಲಿಲ್ಲ. ಇಬ್ಬರೂ ಹಾಗೆಯೇ ನಿಂತಿದ್ದು, ಕೊನೆಗೆ ಸುಗಾವಾರಾ "ಊಟ ಮಾಡೋಣವೇ?" ಎಂದರು.

ಯೊಶಿಕೊಳ ಪಲ್ಯದಲ್ಲಿ ಉಪ್ಪು ಜಾಸ್ತಿಯಾಗಿತ್ತು. ಉಮಾಶಂಕರ್ ಎರಡು ಸಲ ಬಡಿಸಿಕೊಂಡ. ಭವನದಲ್ಲಿ ನಿಜಸಂಗತಿ ಒಬ್ಬರಿಂದೊಬ್ಬರಿಗೆ ದಾಟುತ್ತಾ ಹೋಯಿತು. ಕೆಲವರು ನಕ್ಕರು, ಕೆಲವರು ಮುಖ ಬಿಗಿದರು, ಗುರುಗಳ ಜೊತೆ ಫೋಟೊ ತೆಗೆಸಿಕೊಂಡಿದ್ದವನೊಬ್ಬ ಅದನ್ನು ಅಳಿಸುವುದೋ ಇಟ್ಟುಕೊಳ್ಳುವುದೋ ಎಂದು ಪಕ್ಕದವನನ್ನು ಕೇಳುತ್ತಿದ್ದ. ಸುಗಾವಾರಾ ಮಾತ್ರ ಉಮಾಶಂಕರನ ಪಕ್ಕದಲ್ಲೇ ಕೂತು, ಅನ್ನದ ಬಟ್ಟಲು ಖಾಲಿ ಮಾಡಿ, ಇನ್ನೊಂದು ಬಟ್ಟಲು ಕೇಳಿದರು. ಅದನ್ನು ಕಂಡು ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕ್ಷಣಹೊತ್ತು ನಿಂತಳು.

ವಾಪಸು ಬರುವಾಗ ಕಾರಿನಲ್ಲಿ ಒನೊದೆರಾ ರಸ್ತೆ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಉಮಾಶಂಕರ್ ಮನಸ್ಸಿನಲ್ಲೇ ಇನ್ನೊಬ್ಬ ಜಾಮೀನುದಾರನನ್ನು ಹುಡುಕತೊಡಗಿದ. ದ್ವಾರಕಾನಾಥರನ್ನು ಕೇಳುವ ಹಾಗಿರಲಿಲ್ಲ. ಸ್ಟೇಷನ್ನಿನಲ್ಲಿ ಇಳಿದಾಗ ಅವನು ಸೊಂಟ ಬಗ್ಗಿಸಿ, ಕಲಿತಷ್ಟೂ ಕೆಳಗೆ ಬಾಗಿದ.

"ಒನೊದೆರಾ-ಸಾನ್, ನಿಮ್ಮ ಹೆಸರಿಗೆ ಮಸಿ ಬಳಿದೆ. ಜಾಮೀನಿನ ವಿಷಯ ನೀವು ಇನ್ನೊಮ್ಮೆ ಯೋಚಿಸಿದರೂ ನನಗೆ ಬೇಸರವಿಲ್ಲ."

ಒನೊದೆರಾ ಕಾರಿನ ಡಿಕ್ಕಿ ತೆಗೆದು, ಅಕ್ಕ ಕಳಿಸಿದ್ದ ಗೆಣಸಿನ ಚೀಲವನ್ನು ಹೊರಗೆಳೆದರು. "ನನಗೆ ಸಿಟ್ಟು ಬಂದಿದೆ. ಅದು ಒಂದು ವಾರ ಇರುತ್ತದೆ," ಎಂದರು. ಚೀಲವನ್ನು ಅವನ ಕೈಗೆ ಕೊಟ್ಟರು. "ಮುಂದಿನ ತಿಂಗಳು ಹೊಲದ ಸುತ್ತ ತಂತಿಬೇಲಿ ಹಾಕಬೇಕು. ಕೆಲಸಕ್ಕೆ ಜನ ಇಲ್ಲ. ಬರುತ್ತೀರಾ?"

"ಬರ್ತೀನಿ."

"ಬೇಲಿಯ ವಿಡಿಯೋ ನೋಡಬೇಡಿ."

ಅಷ್ಟು ಹೇಳಿ ಅವರು ಸಾಹಿತ್ಯಳಿಗೆ ಕೈಬೀಸಿ ಹೊರಟುಹೋದರು.

ರೈಲು ಸೆಂಡಾಯ್ ಬಿಟ್ಟಾಗ ಹೊರಗೆ ಸಂಜೆಯ ಬಿಸಿಲು ಗದ್ದೆಗಳ ಮೇಲೆ ಓಡುತ್ತಿತ್ತು. ಉಮಾಶಂಕರ್ ಮೊಬೈಲು ಜೇಬಿನಿಂದ ತೆಗೆಯಲಿಲ್ಲ. ಸಾಹಿತ್ಯ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಭವನದಲ್ಲಿದ್ದಾಗ ಅವಳಿಗೂ ಆ ಸದ್ದು ಕೇಳಿಸಿತ್ತು. ಹೆಂಗಸರು ತಕ್ಷಣ ಜೋರಾಗಿ ಮಾತು ತೆಗೆದಿದ್ದರಂತೆ.

ಗದ್ದೆಗಳು ಮುಗಿದಮೇಲೆ ಅವಳು ತಿರುಗಿದಳು. ಇಂಗ್ಲಿಷೂ ಅಲ್ಲ, ಜಪಾನಿಯೂ ಅಲ್ಲ. ಪದಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿ ಕನ್ನಡದಲ್ಲಿ ಕೇಳಿದಳು.

"ಅಪ್ಪಾ, ಅದಕ್ಕೆ... ನೋವು ಆಯ್ತಾ?"

"ಆಯ್ತು ಪುಟ್ಟಾ. ಸ್ವಲ್ಪ ಹೊತ್ತು."

"ನೀನು ನೋಡಿದ್ಯಾ?"

"ನೋಡ್ದೆ."

ಸಾಹಿತ್ಯ ಅವನ ತೋಳಿನ ಕೆಳಗೆ ಕೈ ತೂರಿಸಿ, ಭುಜಕ್ಕೆ ತಲೆಯಿಟ್ಟಳು. ಹಾಗೆ ಅವಳು ಕೂತು ಎರಡು ವರ್ಷವೇ ಆಗಿತ್ತೇನೋ. ಟಿಕೆಟ್ ನೋಡುವವನು ಬಂದಾಗ ಉಮಾಶಂಕರ್ ಇನ್ನೊಂದು ಕೈಯಿಂದ ಜೇಬು ತಡಕಿದ. ಟಿಕೆಟ್ ಆ ಕಡೆಯ ಜೇಬಿನಲ್ಲಿತ್ತು. ತೆಗೆಯಬೇಕಾದರೆ ಭುಜ ಅಲುಗಿಸಬೇಕು. ಅವನು ಟಿಕೆಟಿನವನ ಮುಖ ನೋಡಿ, ಮಗಳ ತಲೆ ತೋರಿಸಿ, "ಸುಮಿಮಾಸೆನ್" ಎಂದ. ಅವನು ಟೋಪಿ ಮುಟ್ಟಿ, ಸದ್ದಾಗದಂತೆ ಮುಂದಿನ ಸಾಲಿಗೆ ಹೋದ.